ಬಚ್ಚಲ ಗೋಡೆಯ ನೀರು ಎಲ್ಲಿಯದು?

ಪುಷ್ಯ ಮಾಸದ ಬೆಳಗು, ಬೆಂಗಳೂರಿನ ಯಾವುದೋ ಬಡಾವಣೆಯ ಎರಡನೇ ಮಹಡಿ. ಶಾಲೆಯ ವ್ಯಾನ್ ಬರುವ ಮೊದಲು ಇಬ್ಬರು ಮಕ್ಕಳ ಸ್ನಾನ ಮುಗಿಯಬೇಕು. ಆಮೇಲೆ ಅಜ್ಜಿಯದು, ಕೊನೆಗೆ ಆಫೀಸಿಗೆ ಹೊರಟವರದು. ಚಳಿಯೆಂದು ಕಿಟಕಿಯ ಗಾಜನ್ನು ಬಿಗಿಯಾಗಿ ಎಳೆದಿದ್ದಾರೆ. ಕೊನೆಯವರು ಹೊರಬರುವ ಹೊತ್ತಿಗೆ ಕನ್ನಡಿಯಲ್ಲಿ ಮುಖ ಕಾಣುವುದಿಲ್ಲ, ಟೈಲ್ಸ್ ಮೇಲೆ ಹನಿಗಳು ಗೆರೆ ಎಳೆಯುತ್ತಾ ಇಳಿಯುತ್ತಿವೆ. ಗೀಸರ್ ಕೆಳಗಿನ ಗೋಡೆಯಲ್ಲಿ ಅಂಗೈ ಅಗಲದ ಹಳದಿ ಕಲೆ ಹೋದ ವಾರಕ್ಕಿಂತ ತುಸು ಹಿಗ್ಗಿದೆ. ಬಾಗಿಲ ಹಿಂದಿನ ಮೂಲೆಯಲ್ಲಿ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕಿ.

ಪ್ಲಂಬರ್ ಬಂದು ಗೀಸರ್ ಬದಲಿಸಿ ಎನ್ನುತ್ತಾನೆ. ಪೇಂಟರ್‌ಗೆ ವಾಟರ್‌ಪ್ರೂಫ್ ಪೇಂಟೇ ಪರಿಹಾರ. ಮೇಲಿನ ಮನೆಯ ಬಚ್ಚಲು ಸೋರುತ್ತಿದೆ ಎಂಬುದು ಮನೆಯವರ ಗುಮಾನಿ. ಮೂವರಲ್ಲಿ ಯಾರ ಮಾತು ಸರಿಯೆಂದು ಹೇಳುವುದು ಕಷ್ಟ, ಏಕೆಂದರೆ ಆ ನೀರು ಎಲ್ಲಿಂದ ಬಂತೆಂದು ಇನ್ನೂ ಯಾರೂ ಹುಡುಕಿಲ್ಲ.

ಹುಡುಕದೆ ರಿಪೇರಿಗೆ ಕೈಹಾಕಿದರೆ ದುಡ್ಡು ದಂಡವಾಗುತ್ತದೆ. ಅದಾದರೂ ಹೋಗಲಿ. ಗ್ಯಾಸ್ ಗೀಸರ್ ಇರುವ ಕೋಣೆಯಲ್ಲಿ ಗಾಜಿನ ಮೇಲಿನ ಬೆವರು ಬೇರೆಯದೇ ಸಂಗತಿಯನ್ನು ಹೇಳುತ್ತಿರಬಹುದು. ಅದನ್ನು ಓದಲು ಕಲಿಯುವುದು ಜೀವ ಉಳಿಸುವ ವಿಷಯ.

ಗಾಳಿ ಹೊರಲಾರದ ನೀರು

ತಣ್ಣೀರು ತುಂಬಿದ ಸ್ಟೀಲ್ ಲೋಟದ ಹೊರಮೈಯಲ್ಲಿ ಹನಿ ಕಟ್ಟುವುದನ್ನು ಎಲ್ಲರೂ ನೋಡಿದ್ದೇವೆ. ಆ ನೀರು ಲೋಟದಿಂದ ಜಿನುಗಿದ್ದಲ್ಲ, ಸುತ್ತಲಿನ ಗಾಳಿಯಲ್ಲಿ ಆವಿಯಾಗಿ ಅಡಗಿದ್ದದ್ದು. ಗಾಳಿ ಬಿಸಿಯಾದಷ್ಟೂ ಹೆಚ್ಚು ಆವಿಯನ್ನು ಹೊರುತ್ತದೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರನ್ನು ಆವಿಯಾಗಿ ಇಟ್ಟುಕೊಳ್ಳಬಲ್ಲದು. 20 ಡಿಗ್ರಿಗೆ ಇಳಿದರೆ 17 ಗ್ರಾಂ ಮಾತ್ರ. ಉಳಿದದ್ದು ಹತ್ತಿರದ ತಣ್ಣನೆಯ ಮೇಲ್ಮೈಯಲ್ಲಿ ನೀರಾಗಿ ಇಳಿಯಲೇಬೇಕು. ಹುಲ್ಲಿನ ಮೇಲೆ ಇಬ್ಬನಿ ಬೀಳುವುದೂ ಹೀಗೆಯೇ.

ಐದಡಿ ಅಗಲ, ಏಳಡಿ ಉದ್ದ, ಎಂಟೂವರೆ ಅಡಿ ಎತ್ತರದ ಸ್ನಾನದ ಕೋಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಅದರಲ್ಲಿರುವುದು ಎಂಟು ಘನ ಮೀಟರಿಗಿಂತ ತುಸು ಹೆಚ್ಚು ಗಾಳಿ. 20 ಡಿಗ್ರಿಯಲ್ಲಿ ಆ ಗಾಳಿ ಹೊರಬಲ್ಲ ನೀರು ಸುಮಾರು 140 ಗ್ರಾಂ, ಅಂದರೆ ಒಂದು ಲೋಟಕ್ಕೂ ಕಡಿಮೆ. ಅದರ ಬಹುಪಾಲು ನಲ್ಲಿ ತಿರುಗಿಸುವ ಮೊದಲೇ ತುಂಬಿರುತ್ತದೆ. ನಾಲ್ಕು ಜನ ಒಬ್ಬರ ಹಿಂದೊಬ್ಬರು ಬಿಸಿನೀರು ಹುಯ್ದುಕೊಂಡರೆ ಆ ಹಬೆಗೆಲ್ಲ ಗಾಳಿಯಲ್ಲಿ ಜಾಗವೆಲ್ಲಿ?

ಮಳೆಗಾಲದಲ್ಲಿ ಇದಕ್ಕೆ ಬಿಸಿನೀರೂ ಬೇಕಾಗಿಲ್ಲ. 25 ಡಿಗ್ರಿ ಬಿಸಿಯ, ನೂರಕ್ಕೆ 80ರಷ್ಟು ತೇವಾಂಶವಿರುವ ಗಾಳಿ 21 ಡಿಗ್ರಿಯ ಮೇಲ್ಮೈಯನ್ನು ಮುಟ್ಟಿದರೆ ಸಾಕು, ಹನಿ ಕಟ್ಟತೊಡಗುತ್ತದೆ. ಸಾಗರದಲ್ಲೋ ಸಿದ್ದಾಪುರದಲ್ಲೋ ಜುಲೈ ತಿಂಗಳಲ್ಲಿ ಕಮೋಡಿನ ಫ್ಲಶ್ ಟ್ಯಾಂಕ್ ಹೊರಗಡೆ ಬೆವರುವುದನ್ನು ಕಂಡು ಟ್ಯಾಂಕ್ ಒಡೆದಿದೆ ಎಂದು ಹೊಸದು ತರಿಸುವವರಿದ್ದಾರೆ. ಬಟ್ಟೆಯಲ್ಲಿ ಒರೆಸಿ, ಹನಿ ಮೇಲ್ಮೈಯಿಡೀ ಮತ್ತೆ ಕಟ್ಟುತ್ತದೋ ಒಂದೇ ಜಾಗದಿಂದ ಒಸರುತ್ತದೋ ಎಂದು ನೋಡಿದ್ದರೆ ಆ ಖರ್ಚು ಉಳಿಯುತ್ತಿತ್ತು.

ಬಾಯ್ಲರ್ ಇದ್ದ ಬಚ್ಚಲು

ಮನೆಯ ಬಾಯ್ಲರ್ ಎಂದರೆ ಹಳೆಯ ಮೈಸೂರು, ಬೆಂಗಳೂರಿನ ಮನೆಗಳಲ್ಲಿ ನಡುವೆ ಉರಿಯ ಕೊಳವೆ ಇರುವ ತಾಮ್ರದ ಪಾತ್ರೆ. ಹಳ್ಳಿಯಲ್ಲಾದರೆ ಒಲೆಗೆ ಗಾರೆ ಹಾಕಿ ಕೂರಿಸಿದ ಹಂಡೆ. ತೆಂಗಿನ ಮಟ್ಟೆ, ಚಿಪ್ಪು, ಅಡಿಕೆ ಸೋಗೆ ಅದರ ಉರುವಲು. ಆ ಬಚ್ಚಲುಮನೆ ಬಹುಪಾಲು ಹಿತ್ತಿಲ ಕಡೆಗೆ, ವಾಸದ ಕೋಣೆಗಳಿಂದ ದೂರ ಇರುತ್ತಿತ್ತು. ಹೆಂಚಿನ ಸಂದಿಗಳಲ್ಲಿ ಹಬೆಯೂ ಹೊಗೆಯೂ ಹೊರಗೆ ಹೋಗುತ್ತಿದ್ದವು. ಒಲೆಯ ಕಾವು ಗಂಟೆಗಟ್ಟಲೆ ಉಳಿದು ಗೋಡೆಯನ್ನು ಒಣಗಿಸುತ್ತಿತ್ತು. ಸುಣ್ಣದ ಗಾರೆ ಹೀರಿಕೊಂಡ ತೇವವನ್ನು ಮತ್ತೆ ಗಾಳಿಗೆ ಬಿಟ್ಟುಕೊಡುತ್ತಿತ್ತು.

ಆ ಬಚ್ಚಲನ್ನು ಹೊಗಳಿ ಮರಳಿ ಕರೆಯುವ ಆಸೆ ನನಗಿಲ್ಲ. ಆ ಹೊಗೆಗೆ ಕಣ್ಣನ್ನೂ ಎದೆಯನ್ನೂ ಒಡ್ಡಿಕೊಂಡವರು ಬೆಳಗಿನ ಜಾವ ಎದ್ದು ಒಲೆ ಊದಿದ ಹೆಂಗಸರು. ಗೀಸರ್ ಬಂದದ್ದು ಅವರಿಗೆ ದೊಡ್ಡ ಬಿಡುಗಡೆ. ಆದರೆ ಬಚ್ಚಲು ಮನೆಯೊಳಗೆ, ಮಲಗುವ ಕೋಣೆಯ ಮಗ್ಗುಲಿಗೇ ಬಂದಾಗ ಹೆಂಚಿನ ಸಂದಿ ಮಾಡುತ್ತಿದ್ದ ಕೆಲಸವನ್ನು ಯಾರಿಗೂ ವಹಿಸಲಿಲ್ಲ. ಕಾಂಕ್ರೀಟ್ ಚಾವಣಿ, ಸಿಮೆಂಟ್ ಗಾರೆ, ಅದರ ಮೇಲೆ ಪ್ಲಾಸ್ಟಿಕ್ ಪೇಂಟ್, ಕತ್ತಲ ಡಕ್ಟಿನ ಕಡೆಗೆ ತೆರೆಯುವ ಒಂದಡಿ ಕಿಟಕಿ. ಹಬೆ ಹುಟ್ಟುವುದು ಮೊದಲಿನಷ್ಟೇ, ಹೋಗುವ ದಾರಿ ಮಾತ್ರ ಮುಚ್ಚಿದೆ.

ಕಲೆಯ ಎತ್ತರ, ಕಲೆಯ ವೇಳೆ

ಗೋಡೆಯ ತೇವಕ್ಕೆ ಮೂಲಗಳು ಬೆರಳೆಣಿಕೆಯಷ್ಟು: ಗಾಳಿಯಿಂದ ಇಳಿದ ಬೆವರು, ಪೈಪಿನ ಸೋರಿಕೆ, ಹೊರಗಿನ ಮಳೆ, ನೆಲದಿಂದ ಏರುವ ಪಸೆ. ಕಲೆ ಗೋಡೆಯ ಯಾವ ಎತ್ತರದಲ್ಲಿದೆ, ಯಾವ ಹೊತ್ತಿನಲ್ಲಿ ಹೆಚ್ಚುತ್ತದೆ ಎಂಬೆರಡನ್ನು ನೋಡಿದರೆ ಅರ್ಧ ಉತ್ತರ ಸಿಕ್ಕಂತೆ.

ನೆಲದಿಂದ ಏರುವ ಪಸೆ ಇಟ್ಟಿಗೆಯ ಸಣ್ಣ ರಂಧ್ರಗಳ ಮೂಲಕ ಮೇಲೆ ಹತ್ತುತ್ತದೆ. ಸಾಮಾನ್ಯವಾಗಿ ಮೂರಡಿ ಆಸುಪಾಸಿನಲ್ಲಿ ನಿಲ್ಲುತ್ತದೆ. ನಿಂತಲ್ಲಿ ಅಡ್ಡಗೆರೆ ಮೂಡುತ್ತದೆ, ಆ ಗೆರೆಯ ಬಳಿ ಬಿಳಿ ಉಪ್ಪು ಹೊರಬಂದು ಪುಟ್ಟಿ ಉದುರುತ್ತದೆ. ಎರಡನೇ ಮಹಡಿಯ ಗೀಸರ್ ಕೆಳಗೆ ಕಲೆಯಿದ್ದರೆ ಇದನ್ನು ಪಟ್ಟಿಯಿಂದ ಹೊಡೆದುಹಾಕಬಹುದು. ಮಳೆಯ ತೇವ ಹೊರಗೋಡೆಯಲ್ಲೇ ಇರುತ್ತದೆ, ಅದರಲ್ಲೂ ಮುಂಗಾರಿನ ಗಾಳಿ ಅಪ್ಪಳಿಸುವ ಪಶ್ಚಿಮ, ನೈರುತ್ಯದ ಕಡೆ. ಒಂದು ಜೋರು ಮಳೆ ಬಿದ್ದ ಒಂದೆರಡು ದಿನಕ್ಕೆ ಕಲೆ ಗಾಢವಾಗುತ್ತದೆ, ಬೇಸಿಗೆಯಲ್ಲಿ ಮಾಯವಾಗುತ್ತದೆ.

ಬೆವರಿಗೆ ಒಂದು ಕೇಂದ್ರವಿಲ್ಲ. ಗಾಳಿಯಾಡದ ಮೂಲೆ, ಚಾವಣಿ ಸೇರುವ ಅಂಚು, ಕಪಾಟಿನ ಹಿಂಬದಿ, ಬಿಸಿಲು ಕಾಣದ ಹೊರಗೋಡೆಯ ಒಳಮೈ ಇವೆಲ್ಲ ಅದರ ಜಾಗ. ಕಲೆಗಿಂತ ಮೊದಲು ಅಲ್ಲಿ ಕಪ್ಪು ಬೂಷ್ಟು ಕಾಣಿಸುತ್ತದೆ. ಬೂಷ್ಟಿಗೆ ಗೋಡೆ ತೊಯ್ದಿರಬೇಕೆಂದೂ ಇಲ್ಲ. ಗೋಡೆಗೆ ತಾಗಿದ ಗಾಳಿಯ ತೇವಾಂಶ ದಿನಗಟ್ಟಲೆ ನೂರಕ್ಕೆ 80ರ ಮೇಲಿದ್ದರೆ ಅದು ಬೆಳೆಯುತ್ತದೆ. ಪೈಪಿನ ಸೋರಿಕೆ ಇದಕ್ಕೆ ತದ್ವಿರುದ್ಧ. ಅದು ಒಂದು ಜಾಗದಲ್ಲಿ ಹುಟ್ಟಿ ಸುತ್ತ ಹರಡುತ್ತದೆ, ಅಂಚಿನಲ್ಲಿ ಕಂದು ಉಂಗುರ ಬಿಡುತ್ತದೆ. ಚಳಿಗಾಲ, ಬೇಸಿಗೆ, ಊರಿಗೆ ಹೋಗಿ ಬೀಗ ಹಾಕಿದ ವಾರ ಯಾವುದರ ಹಂಗೂ ಇಲ್ಲದೆ ಹಿಗ್ಗುತ್ತಲೇ ಇರುತ್ತದೆ. ಮನೆಗೆ ಬೀಗ ಬಿದ್ದಾಗ ಕಲೆ ಒಣಗಿತೆ ಎಂಬುದು ನಾನು ಮೊದಲು ಕೇಳುವ ಪ್ರಶ್ನೆ.

ಕಣ್ಣಂದಾಜಿಗೆ ಸಿಗದಿದ್ದರೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಸಾಕು. ಟೈಲ್ಸ್ ಇಲ್ಲದ ಕಡೆ ಗೋಡೆಯನ್ನು ಒರೆಸಿ, ಒಂದಡಿ ಚೌಕದ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಾಕಿ ಬಿಗಿಯಾಗಿ ಅಂಟಿಸಬೇಕು. ಒಂದೆರಡು ದಿನ ಬಿಟ್ಟು ನೋಡಿ. ಹಾಳೆಯ ಹೊರಮೈಯಲ್ಲಿ ಹನಿಯಿದ್ದರೆ ಅದು ಕೋಣೆಯ ಗಾಳಿಯದು. ಕಿತ್ತಾಗ ಗೋಡೆಯ ಕಡೆಯ ಮೈ ಒದ್ದೆಯಾಗಿದ್ದರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ. ಎರಡೂ ಒದ್ದೆಯಿದ್ದರೆ ಎರಡೂ ಇವೆ. ಹಾಗಾಗುವುದು ಅಪರೂಪವಲ್ಲ.

ಸೋರಿಕೆಯೆಂದು ಖಚಿತವಾದರೆ ಗೋಡೆ ಒಡೆಯುವ ಮುನ್ನ ಇನ್ನೊಂದು ಕೆಲಸವಿದೆ. ರಾತ್ರಿ ಎಲ್ಲ ನಲ್ಲಿ ಮುಚ್ಚಿ, ಓವರ್‌ಹೆಡ್ ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ, ಬೆಳಿಗ್ಗೆ ನೋಡಬೇಕು. ಮಟ್ಟ ಇಳಿದಿದ್ದರೆ ತುಂಬಿದ ಪೈಪಿನಲ್ಲೇ ದೋಷವಿದೆ. ಇಳಿಯದೆ ಕಲೆ ಮಾತ್ರ ಹಿಗ್ಗುತ್ತಿದ್ದರೆ ಚರಂಡಿಯ ಪೈಪನ್ನೋ ಮೇಲಿನ ಮನೆಯ ಬಚ್ಚಲ ನೆಲವನ್ನೋ ಅನುಮಾನಿಸಬೇಕು. ಅಲ್ಲಿ ಬಣ್ಣದ ನೀರು ನಿಲ್ಲಿಸಿ ಕೆಳಗೆ ಬಣ್ಣ ಇಳಿಯುತ್ತದೆಯೇ ಎಂದು ನೋಡುವುದು ಮೇಸ್ತ್ರಿಗಳ ಹಳೆಯ ಉಪಾಯ. ಅಪಾರ್ಟ್‌ಮೆಂಟುಗಳಲ್ಲಿ ಎಷ್ಟೋ ಜಗಳ ಈ ಒಂದು ಬಕೆಟ್ ನೀರಿನಿಂದ ತೀರಬಹುದು.

ಕರೆಂಟ್ ಗೀಸರಿನ ತೊಟ್ಟು

ನೀರು ತುಂಬಿಟ್ಟು ಕಾಯಿಸುವ ಕರೆಂಟ್ ಗೀಸರಿನ ಅಡಿಯಲ್ಲಿ ತೊಟ್ಟಿಕ್ಕಿದ ಕೂಡಲೇ ಟ್ಯಾಂಕ್ ಹೋಯಿತೆಂದು ತೀರ್ಮಾನಿಸಬೇಡಿ. ನೀರು 20 ಡಿಗ್ರಿಯಿಂದ 65 ಡಿಗ್ರಿಗೆ ಕಾದಾಗ ಗಾತ್ರದಲ್ಲಿ ನೂರಕ್ಕೆ ಸುಮಾರು 2ರಷ್ಟು ಹಿಗ್ಗುತ್ತದೆ. 25 ಲೀಟರಿನ ಗೀಸರಿನಲ್ಲಿ ಅದು ಹತ್ತಿರ ಹತ್ತಿರ ಅರ್ಧ ಲೀಟರ್. ಸಾಮಾನ್ಯವಾಗಿ ಈ ಹೆಚ್ಚಿನ ನೀರು ಬಂದ ಪೈಪಿನಲ್ಲೇ ಹಿಂದಕ್ಕೆ ಸರಿಯುತ್ತದೆ. ಪ್ರೆಶರ್ ಪಂಪ್ ಹಾಕಿಸಿ, ನೀರು ಹಿಂದಿರುಗದಂತೆ ವಾಲ್ವ್ ಕೂರಿಸಿದ್ದರೆ ಆ ದಾರಿ ಮುಚ್ಚಿರುತ್ತದೆ. ಆಗ ಸೇಫ್ಟಿ ವಾಲ್ವ್ ತೆರೆದು ಹನಿ ಬಿಡುತ್ತದೆ. ಕಾಯುವಾಗ ಮಾತ್ರ ಹನಿ ಬಿದ್ದು, ಕಾದ ಮೇಲೆ ನಿಂತರೆ ಅದು ರೋಗವಲ್ಲ. ವಾಲ್ವಿಗೆ ಸಣ್ಣ ಪೈಪ್ ಜೋಡಿಸಿ ನೆಲದ ಜಾಲರಿಗೆ ಬಿಟ್ಟರೆ ಗೋಡೆ ಉಳಿಯುತ್ತದೆ. ಆ ಹನಿಯನ್ನು ಬಿರಡೆ ಹೊಡೆದು ನಿಲ್ಲಿಸುವುದು ಮಾತ್ರ ಅಪಾಯ, ಒಳಗಿನ ಒತ್ತಡಕ್ಕೆ ಬೇರೆ ದಾರಿಯಿಲ್ಲ.

ಸ್ವಿಚ್ ಆರಿಸಿದಾಗಲೂ, ಹಗಲೂ ರಾತ್ರಿಯೂ ತೊಟ್ಟಿಕ್ಕಿದರೆ ವಾಲ್ವ್ ಕೆಟ್ಟಿದೆ, ಇಲ್ಲವೇ ಪೈಪಿನ ಜೋಡಣೆ ಸಡಿಲವಾಗಿದೆ. ಕೆಳಗಿನ ಮುಚ್ಚಳದ ಸಂದಿಯಿಂದ ತುಕ್ಕಿನ ಬಣ್ಣದ ನೀರು ಬಂದರೆ ಟ್ಯಾಂಕೇ ತೂತಾಗಿದೆ. ಬೋರ್‌ವೆಲ್ಲಿನ ಗಡಸು ನೀರು ಇದನ್ನು ಬೇಗ ತರುತ್ತದೆ. ಟ್ಯಾಂಕಿನ ಬದಲು ತಾನು ಸವೆಯಲೆಂದೇ ಒಳಗೆ ಮೆಗ್ನೀಸಿಯಮ್ಮಿನ ಸರಳೊಂದನ್ನು ಇಟ್ಟಿರುತ್ತಾರೆ. ಅದು ಸವೆದು ಹೋದದ್ದು ಹೊರಗೆ ಕಾಣುವುದಿಲ್ಲ, ಸರ್ವೀಸಿಗೆ ಬಂದವರಿಗೆ ಬಿಚ್ಚಿ ತೋರಿಸಿ ಎಂದು ಕೇಳಬೇಕು.

ಒದ್ದೆ ಗೋಡೆಯೋ ನಲ್ಲಿಯೋ ಮುಟ್ಟಿದಾಗ ಕೈ ಜುಮ್ಮೆಂದರೆ ಮಾತ್ರ ಯಾವ ಪರೀಕ್ಷೆಗೂ ಕಾಯಬಾರದು. ಮೇನ್ ಸ್ವಿಚ್ ಆರಿಸಿ, ಎಲೆಕ್ಟ್ರಿಷಿಯನ್ ಬರುವ ತನಕ ಆ ಕೋಣೆಗೆ ಯಾರನ್ನೂ ಬಿಡಬೇಡಿ. ಅರ್ಥಿಂಗ್ ಸರಿಯಿಲ್ಲದ, 30 ಮಿಲಿಆಂಪಿಯರಿಗೆ ಕಡಿದುಕೊಳ್ಳುವ ಸುರಕ್ಷಾ ಸ್ವಿಚ್ ಇಲ್ಲದ ಮನೆಗಳು ಇನ್ನೂ ಬಹಳ ಇವೆ.

ಉರಿಯಿಂದ ಹುಟ್ಟುವ ನೀರು

ಗ್ಯಾಸ್ ಗೀಸರಿನ ವಿಷಯದಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಸಂಗತಿ ಇದೆ: ಗ್ಯಾಸ್ ಉರಿದರೆ ನೀರು ಹುಟ್ಟುತ್ತದೆ. ಎಲ್‌ಪಿಜಿಯಲ್ಲಿರುವ ಜಲಜನಕ ಗಾಳಿಯ ಆಮ್ಲಜನಕವನ್ನು ಕೂಡಿ ಆವಿಯಾಗುತ್ತದೆ. ಒಂದು ಕಿಲೋ ಗ್ಯಾಸ್ ಉರಿದರೆ ಸುಮಾರು 1.6 ಕಿಲೋ ನೀರು. 14.2 ಕಿಲೋದ ಒಂದು ಸಿಲಿಂಡರ್ ಖಾಲಿಯಾಗುವಷ್ಟರಲ್ಲಿ 22 ಲೀಟರಿನಷ್ಟು ನೀರು ಆವಿಯಾಗಿ ಮನೆಯ ಗಾಳಿಗೆ ಸೇರಿರುತ್ತದೆ.

ನಿಮಿಷಕ್ಕೆ ಆರು ಲೀಟರ್ ಕಾಯಿಸುವ ಸಾಮಾನ್ಯ ಗ್ಯಾಸ್ ಗೀಸರ್ ಹದಿನೈದು ನಿಮಿಷದ ಸ್ನಾನಕ್ಕೆ ಸುಮಾರು ಕಾಲು ಕಿಲೋ ಗ್ಯಾಸ್ ಸುಡುತ್ತದೆ. ಅದರಿಂದ ಹುಟ್ಟುವ ನೀರು 350ರಿಂದ 400 ಗ್ರಾಂ. ಕೋಣೆಯ ಗಾಳಿ ಹೊರಬಲ್ಲದ್ದು 140 ಎಂಬುದನ್ನು ನೆನಪಿಡಿ. ಸ್ನಾನದ ಹಬೆ ಇದರ ಮೇಲೆ.

ಹೊತ್ತಿಸಿದ ಕೂಡಲೇ ಗ್ಯಾಸ್ ಗೀಸರಿನ ಅಡಿಯಿಂದ ನಾಲ್ಕಾರು ಹನಿ ಬೀಳುವುದಕ್ಕೂ ಇದೇ ಕಾರಣ. ಒಳಗಿನ ತಾಮ್ರದ ಸುರುಳಿ ಇನ್ನೂ ತಣ್ಣಗಿರುತ್ತದೆ, ಉರಿಯ ಆವಿ ಅದಕ್ಕೆ ತಾಗಿ ನೀರಾಗುತ್ತದೆ. ಸುರುಳಿ ಕಾದ ಮೇಲೆ ನಿಲ್ಲುವ ಹನಿಗೆ ಹೆದರಬೇಕಾಗಿಲ್ಲ. ಆದರೆ ವರ್ಷಗಟ್ಟಲೆ ಹೀಗಾದಾಗ ತಾಮ್ರದ ತಗಡುಗಳ ನಡುವೆ ಹಸಿರು ಕಿಲುಬು ಕಟ್ಟಿ, ಉರಿಯ ಗಾಳಿ ಹಾದುಹೋಗುವ ಸಂದಿ ಕಿರಿದಾಗುತ್ತದೆ. ನೀಲಿ ಉರಿ ಹಳದಿಯಾಗುತ್ತದೆ, ಮೇಲ್ಭಾಗದಲ್ಲಿ ಮಸಿ ಕಾಣುತ್ತದೆ. ಗೋಡೆಯ ತೇವವನ್ನು ಪರೀಕ್ಷಿಸಲು ಹೊರಟವರು ಮೊದಲು ನೋಡಬೇಕಾದದ್ದು ಈ ಉರಿಯ ಬಣ್ಣವನ್ನು.

ಒಂದು ಸ್ನಾನದ ಆ ಕಾಲು ಕಿಲೋ ಗ್ಯಾಸ್ ಸುಡಲು ಬೇಕಾದ ಗಾಳಿ ಸುಮಾರು ಮೂರು ಘನ ಮೀಟರ್. ಇರುವುದು ಎಂಟು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಒಂದೇ ಸ್ನಾನಕ್ಕೆ ಆಮ್ಲಜನಕದ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಉರಿ ಬೇಡುತ್ತದೆ. ಅದು ಸಿಗದಿದ್ದಾಗ ಗ್ಯಾಸ್ ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಸಿಲಿಂಡರಿನ ಗ್ಯಾಸಿಗೆ ಸೋರಿದರೆ ತಿಳಿಯಲೆಂದೇ ವಾಸನೆ ಬೆರೆಸಿರುತ್ತಾರೆ. ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮು ಬರಿಸುವುದಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಂತಿ ಬಂದಂತಾಗುವುದು, ಆಮೇಲೆ ಕೈಕಾಲಿನ ಬಲ ಹೋಗುವುದು. ಚಿಲಕ ತೆಗೆಯಬೇಕೆಂದು ಹೊಳೆದರೂ ಕೈ ಏಳುವುದಿಲ್ಲ. ಹೀಗೆ ಸತ್ತವರ ಸುದ್ದಿಯನ್ನು ನಮ್ಮ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದುತ್ತಿದ್ದೇವೆ. ಅದರಲ್ಲಿ ಮಕ್ಕಳಿದ್ದಾರೆ, ಹೊಸದಾಗಿ ಮದುವೆಯಾದವರಿದ್ದಾರೆ. ಒಂದು ಕಿಟಕಿ ತೆರೆದಿದ್ದರೆ ತಪ್ಪುತ್ತಿದ್ದ ಸಾವುಗಳು ಎಂಬುದು ಸಂಕಟ.

ಹೀಗಾಗಿ ಗ್ಯಾಸ್ ಗೀಸರ್ ಇರುವ ಕೋಣೆಯಲ್ಲಿ ಗಾಜು ಧಾರಾಳ ಬೆವರುತ್ತಿದೆ ಎಂದರೆ ಉರಿದು ಹೋದ ಗಾಳಿ ಹೊರಗೆ ಹೋಗುತ್ತಿಲ್ಲ ಎಂದರ್ಥ. ಬೆವರು ಕಾಣಿಸಿದ ಕೋಣೆಯಲ್ಲೇ ಕಾಣದ ವಿಷವೂ ಉಳಿದಿರಬಹುದು. ಎಕ್ಸಾಸ್ಟ್ ಫ್ಯಾನ್ ಒಂದೇ ಸಾಲದು. ಹೊರಹೋದಷ್ಟು ಗಾಳಿ ಒಳಬರಲು ಬಾಗಿಲ ಕೆಳಗೆ ಜಾಲರಿ ಇಲ್ಲದಿದ್ದರೆ ಫ್ಯಾನ್ ಬರಿದೇ ತಿರುಗುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಗ್ಯಾಸ್ ಗೀಸರನ್ನು ಬಚ್ಚಲಿನಿಂದಲೇ ಹೊರಗಿಡುವುದು. ಬಾಲ್ಕನಿಯಲ್ಲೋ ತೆರೆದ ಯುಟಿಲಿಟಿಯಲ್ಲೋ ಕೂರಿಸಿ ಬಿಸಿನೀರಿನ ಪೈಪನ್ನು ಮಾತ್ರ ಒಳಗೆ ತಂದರೆ ತೇವದ ದೊಡ್ಡ ಪಾಲೂ ಹೋಗುತ್ತದೆ, ಅಪಾಯವೂ ಹೋಗುತ್ತದೆ.

ಆಕ್ಸಿಮೀಟರ್ ನಂಬಬೇಡಿ

ಸ್ನಾನಕ್ಕೆ ಹೋದವರು ಕೂಗಿದರೆ ಓಗೊಡದಿದ್ದರೆ ಬಾಗಿಲು ಒಡೆದಾದರೂ ತೆರೆದು, ಗ್ಯಾಸ್ ಮುಚ್ಚಿ, ಅವರನ್ನು ತಕ್ಷಣ ಹೊರಗಿನ ಗಾಳಿಗೆ ತರಬೇಕು. ಕೋವಿಡ್ ಕಾಲದಿಂದ ಬಹಳ ಮನೆಗಳಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇದೆ. ಈ ಸಂದರ್ಭದಲ್ಲಿ ಅದು ಮೋಸ ಮಾಡುತ್ತದೆ. ಮೊನಾಕ್ಸೈಡ್ ಹಿಡಿದ ರಕ್ತವನ್ನೂ ಅದು ಆಮ್ಲಜನಕ ಹೊತ್ತ ರಕ್ತವೆಂದೇ ಎಣಿಸಿ 97, 98 ಎಂದು ತೋರಿಸಬಹುದು. ಎಚ್ಚರವಾದರು, ಕಾಫಿ ಕುಡಿದರು ಎಂದು ಸುಮ್ಮನಾಗದೆ ಆಸ್ಪತ್ರೆಗೆ ಒಯ್ಯಿರಿ. ಗ್ಯಾಸ್ ಗೀಸರ್ ಉರಿಯುತ್ತಿತ್ತು ಎಂಬ ಮಾತನ್ನು ವೈದ್ಯರಿಗೆ ಮೊದಲು ಹೇಳಿ. ಬರಿಯ ಗಾಳಿಯಲ್ಲಿ ಆ ವಿಷ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು, ಶುದ್ಧ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆಯೊಳಗೆ ಇಳಿಯುತ್ತದೆ.

ಬ್ರಿಟನ್ನಿನ ಬಾಯ್ಲರ್

ಲಂಡನ್ನಿಗೋ ಮ್ಯಾಂಚೆಸ್ಟರಿಗೋ ಹೋಗಿ ನೆಲೆಸಿದ ಕನ್ನಡಿಗರಿಗೆ ಬಾಯ್ಲರ್ ಎಂದರೆ ಮನೆಯನ್ನೂ ನೀರನ್ನೂ ಬಿಸಿಮಾಡುವ, ಅಡುಗೆಮನೆಯ ಗೋಡೆಗೆ ನೇತುಹಾಕಿದ ಪೆಟ್ಟಿಗೆ. ಅಲ್ಲಿ ಉರಿಯ ನೀರನ್ನು ಬೇಕೆಂದೇ ಹಿಡಿಯುತ್ತಾರೆ. ಆವಿ ನೀರಾಗುವಾಗ ಬಿಡುವ ಶಾಖವನ್ನು ಉಳಿಸಿಕೊಳ್ಳುವ ಬಾಯ್ಲರುಗಳು ಇಂಗ್ಲೆಂಡಿನಲ್ಲಿ 2005ರ ಏಪ್ರಿಲ್‌ನಿಂದ ಬಹುಮಟ್ಟಿಗೆ ಕಡ್ಡಾಯ. ಹಾಗೆ ಇಳಿದ ತುಸು ಹುಳಿಯಾದ ನೀರು ಪ್ಲಾಸ್ಟಿಕ್ ಕೊಳವೆಯಲ್ಲಿ ಚರಂಡಿಗೆ ಹೋಗುತ್ತದೆ. ಹೊರಗೋಡೆಯ ಮೇಲೆ ಹಾಯುವ ಆ ಕೊಳವೆ ಕೊರೆಯುವ ಚಳಿಯಲ್ಲಿ ಹೆಪ್ಪುಗಟ್ಟಿದರೆ ಬಾಯ್ಲರ್ ಗುಳಗುಳ ಸದ್ದು ಮಾಡಿ ನಿಲ್ಲುತ್ತದೆ. ಬಾಯ್ಲರ್ ಅಡಿಯ ತೇವ ಯಾವುದರದೆಂದು ತಿಳಿಯಲು ಅಲ್ಲಿ ಒಂದು ಅನುಕೂಲವಿದೆ. ಬಾಯ್ಲರ್ ತಣ್ಣಗಿರುವಾಗ ಒತ್ತಡದ ಮುಳ್ಳು 1ರಿಂದ 1.5 ಬಾರ್‌ನಲ್ಲಿ ನಿಂತಿರಬೇಕು. ಪದೇ ಪದೇ ಇಳಿದರೆ ಕೋಣೆ ಬಿಸಿಮಾಡುವ ರೇಡಿಯೇಟರಿನ ನೀರು ಎಲ್ಲೋ ಸೋರುತ್ತಿದೆ. ಇಳಿಯದಿದ್ದರೆ ಉರಿಯ ನೀರಿನ ಕೊಳವೆಯನ್ನೋ ಕೋಣೆಯ ಬೆವರನ್ನೋ ನೋಡಬೇಕು.

ಆ ದೇಶ ಗೋಡೆಯ ಬೂಷ್ಟನ್ನು ಗಂಭೀರವಾಗಿ ತೆಗೆದುಕೊಂಡದ್ದು ಒಂದು ಮಗುವಿನ ಸಾವಿನ ನಂತರ. ರಾಚ್‌ಡೇಲ್ ಪಟ್ಟಣದ ಬಾಡಿಗೆ ಫ್ಲ್ಯಾಟಿನಲ್ಲಿ ಎರಡು ವರ್ಷದ ಅವಾಬ್ ಇಶಾಕ್ 2020ರ ಡಿಸೆಂಬರಿನಲ್ಲಿ ತೀರಿಕೊಂಡ. ಬೂಷ್ಟಿನ ನಡುವೆ ದೀರ್ಘ ಕಾಲ ಉಸಿರಾಡಿದ್ದರಿಂದ ಬಂದ ಶ್ವಾಸದ ತೊಂದರೆಯೇ ಕಾರಣವೆಂದು 2022ರ ನವೆಂಬರಿನಲ್ಲಿ ಸಾವಿನ ವಿಚಾರಣೆ ನಡೆಸಿದ ಅಧಿಕಾರಿ (ಕಾರೊನರ್) ತೀರ್ಪಿತ್ತರು. ಮಗುವಿನ ತಂದೆ ದೂರು ಕೊಟ್ಟಾಗ ಸಿಕ್ಕಿದ್ದ ಸಲಹೆ, ಅದರ ಮೇಲೆ ಬಣ್ಣ ಬಳಿಯಿರಿ ಎಂಬುದು. ಅವನ ಹೆಸರಿನ ನಿಯಮ 2025ರ ಅಕ್ಟೋಬರ್ 27ರಿಂದ ಜಾರಿಗೆ ಬಂದಿದೆ. ಇಂಗ್ಲೆಂಡಿನ ಸಾಮಾಜಿಕ ವಸತಿಯ ಮಾಲೀಕರು ತುರ್ತು ಅಪಾಯಕ್ಕೆ 24 ಗಂಟೆಯೊಳಗೆ ಸ್ಪಂದಿಸಬೇಕು, ಗಂಭೀರ ತೇವ, ಬೂಷ್ಟಿನ ದೂರನ್ನು ಹತ್ತು ಕೆಲಸದ ದಿನಗಳೊಳಗೆ ಪರಿಶೀಲಿಸಬೇಕು. ನಮ್ಮ ಬಾಡಿಗೆದಾರರು ಇಂಥ ದೂರು ಕೊಟ್ಟರೆ ಇನ್ನೂ ಸಿಗುವ ಉತ್ತರ ಅದೇ ಬಣ್ಣದ ಡಬ್ಬಿ. ಫೋಟೊ, ತಾರೀಖು, ಫಾಯಿಲ್ ಹಾಳೆಯ ಫಲಿತಾಂಶವನ್ನು ಬರೆದಿಟ್ಟು ಮಾಲೀಕರಿಗೆ ಕಳಿಸಿದರೆ ಮಾತುಕತೆಗೆ ಆಧಾರವಾದರೂ ಇರುತ್ತದೆ.

ಬಣ್ಣ ಕೊನೆಗೆ

ನೀರಿನ ಮೂಲ ನಿಲ್ಲುವ ಮುನ್ನ ಬಳಿದ ವಾಟರ್‌ಪ್ರೂಫ್ ಪೇಂಟ್ ತೇವವನ್ನು ಗೋಡೆಯೊಳಗೇ ಕೂಡಿಹಾಕುತ್ತದೆ. ಕೆಲವು ತಿಂಗಳಲ್ಲಿ ಗುಳ್ಳೆ ಎದ್ದು ಪುಟ್ಟಿಯ ಸಮೇತ ಉದುರುತ್ತದೆ, ಇಲ್ಲವೇ ಅದೇ ನೀರು ಪಕ್ಕದ ಕೋಣೆಯ ಕಡೆ ಹೊರಬರುತ್ತದೆ. ಬೆವರೇ ಕಾರಣವಾದರೆ ಮದ್ದು ಸುಲಭ. ಸ್ನಾನದ ವೇಳೆ ಫ್ಯಾನ್ ಹಾಕಿ, ಮುಗಿದ ಮೇಲೂ ಕಾಲು ಗಂಟೆ ಬಿಡುವುದು. ಹೊರಗಿನ ಕಿಟಕಿ ತೆರೆದು ಮಲಗುವ ಕೋಣೆಯ ಕಡೆಯ ಬಾಗಿಲು ಮುಚ್ಚುವುದು. ಟೈಲ್ಸ್ ನೀರನ್ನು ವೈಪರಿನಿಂದ ಎಳೆಯುವುದು. ಒದ್ದೆ ಬಟ್ಟೆಯನ್ನು ಒಳಗೆ ಒಣಹಾಕದಿರುವುದು.

ಬೂಷ್ಟನ್ನು ಒಣಗಿದ ಬ್ರಷ್ಷಿನಿಂದ ಉಜ್ಜಿದರೆ ಪುಡಿ ಗಾಳಿಗೆ ಏಳುತ್ತದೆ. ಮುಖಕ್ಕೆ ಮಾಸ್ಕ್ ಹಾಕಿ, ಸಾಬೂನು ನೀರಿನಲ್ಲಿ ನೆನೆಸಿ ಒರೆಸಬೇಕು. ಆಸ್ತಮಾ ಇರುವವರು ಈ ಕೆಲಸಕ್ಕೆ ಕೈಹಾಕಬಾರದು. ಬ್ಲೀಚಿಂಗ್ ಪೌಡರ್ ಬಳಸಿದ ಜಾಗಕ್ಕೆ ಬಚ್ಚಲು ತೊಳೆಯುವ ಆಸಿಡ್ ಸುರಿಯುವುದಂತೂ ಕೂಡದು, ಎರಡೂ ಸೇರಿದರೆ ಕ್ಲೋರಿನ್ ವಿಷಗಾಳಿ ಏಳುತ್ತದೆ.

ಸೋರಿಕೆ ಸರಿಪಡಿಸಿದ ಮೇಲೂ ಗೋಡೆ ತಕ್ಷಣ ಒಣಗುವುದಿಲ್ಲ. ಒಂದು ಅಂಗುಲ ದಪ್ಪಕ್ಕೆ ಒಂದು ತಿಂಗಳು ಎಂಬುದು ಕಟ್ಟಡದ ಕೆಲಸದವರ ಸ್ಥೂಲ ಲೆಕ್ಕ. ಮಳೆಗಾಲದಲ್ಲಿ ಅದೂ ನಡೆಯುವುದಿಲ್ಲ. ಆದ್ದರಿಂದ ಸೋರುವ ಪೈಪನ್ನು ಚಳಿಗಾಲದಲ್ಲೇ ಸರಿಮಾಡಿಸಿ, ಉಬ್ಬಿದ ಗಾರೆ ಕೆತ್ತಿಸಿ, ಶಿವರಾತ್ರಿಯಿಂದ ಯುಗಾದಿಯ ಆಚೆಗೂ ಗೋಡೆಯನ್ನು ಬೋಳಾಗಿ ಬಿಡಿ. ಮತ್ತೊಮ್ಮೆ ಫಾಯಿಲ್ ಹಾಳೆ ಅಂಟಿಸಿ, ಗೋಡೆಯ ಕಡೆಯ ಮೈ ಒಣಗಿದ್ದರೆ ಆಗ ಪೇಂಟರನ್ನು ಕರೆಯಬಹುದು.